ಕಾರಿನ ಕಾಲಿಗೆ ನೀರು

ನಮ್ಮ ಅತ್ತೆಯ ತವರು ತಾವರಗೇರಾ ಕಡೆ. ಅಲ್ಲಿ ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ದೂರದ ಊರಿಗೆ ಹೋದ ಚಕ್ಕಡಿ ತಿರುಗಿ ಬಂದರೆ, ಇಳಿದ ಜನರ ಕಾಲಿಗೆ ನೀರು ಕೊಡುವ ಮೊದಲು ಎತ್ತುಗಳ ಕಾಲಿಗೆ ಒಂದೊಂದು ಚರಗಿ ನೀರು ಹಾಕಬೇಕು. ಜನ ಕೂತು ಬಂದಿರುತ್ತಾರೆ, ಎತ್ತು ಎಳೆದುಕೊಂಡು ಬಂದಿರುತ್ತದೆ. ಆದ್ದರಿಂದ ಮೊದಲ ಮರ್ಯಾದೆ ಅದಕ್ಕೆ. ಮದುವೆಯಾಗಿ ಕೊಪ್ಪಳಕ್ಕೆ ಬಂದ ಮೇಲೂ ಅತ್ತೆ ಅದನ್ನು ಬಿಡಲಿಲ್ಲ. ಎತ್ತಿಲ್ಲದ ಮನೆಯಲ್ಲಿ ಗಾಡಿಯ ಗಾಲಿಗೆ ಹಾಕುತ್ತಿದ್ದರು, ಅಷ್ಟೇ ವ್ಯತ್ಯಾಸ.

1997ರಲ್ಲಿ, ಕೊಪ್ಪಳ ಜಿಲ್ಲೆಯಾದ ವರ್ಷ, ನಾನು ಯಲಬುರ್ಗಾದಿಂದ ಆ ಮನೆಗೆ ಸೊಸೆಯಾಗಿ ಬಂದೆ. ಬಾಡಿಗೆ ಜೀಪು ಇಳಿಜಾರಿನ ಓಣಿಯಲ್ಲಿ ಬಂದು ಬಾಗಿಲ ಮುಂದೆ ನಿಂತಿತು. ನಾನು ಸೀರೆ ಸಾವರಿಸಿಕೊಂಡು ಕಾಲು ಕೆಳಗಿಡುವಷ್ಟರಲ್ಲಿ ಅತ್ತೆ ತುಂಬಿದ ಚರಗಿ ಹಿಡಿದು ಬಂದರು, ನನ್ನ ಪಕ್ಕದಿಂದಲೇ ಹಾದು ಹೋಗಿ ಜೀಪಿನ ಮುಂದಿನ ಗಾಲಿಗೆ ನೀರು ಸುರಿದರು. ಡ್ರೈವರ್ ನಕ್ಕ.

"ಹೊತ್ಕೊಂಡ ಬಂದೈತಪ್ಪ, ಅದಕ್ಕ ಮೊದಲ" ಎಂದರು ಅತ್ತೆ. ಆಮೇಲೆ ನನಗೆ ಇನ್ನೊಂದು ಚರಗಿ ಬಂತು. ಹೊಸ ಸೊಸೆಗಿಂತ ಬಾಡಿಗೆ ಜೀಪು ಹೆಚ್ಚಾಯಿತೇ ಎಂದು ನನಗೆ ಒಳಗೇ ಉರಿಯಿತು. ಸಿಟ್ಟು ನನಗೆ ಆಗಿನಿಂದಲೂ ಮೂಗಿನ ತುದಿಯಲ್ಲೇ.

ಮಾವ ತೀರಿಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಇದ್ದದ್ದು ಅತ್ತೆ, ಹೊಸದಾಗಿ ಶುರುವಾದ ಜಿಲ್ಲಾ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, ಮತ್ತು ನಾನು. ಮುಂದಿನ ವರ್ಷವೇ ನನಗೆ ಕುಷ್ಟಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನೌಕರಿ ಸಿಕ್ಕಿತು. ಅತ್ತೆ ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ದಿನಾ ಬೆಳಿಗ್ಗೆ ರೊಟ್ಟಿ ಕಟ್ಟಿಕೊಟ್ಟರು. ಸಂಜೆ ಬಸ್ಸಿಳಿದು ಧೂಳು ಮೈಯಲ್ಲಿ ಬಂದರೆ ಕಟ್ಟೆಯ ಮೇಲೆ ಚರಗಿ ತುಂಬಿ ಇಟ್ಟಿರುತ್ತಿದ್ದರು. ಮಾತು ಮಾತ್ರ ಇಲ್ಲ. ನಾನೋ ಬಾಯಿ ಮುಚ್ಚದವಳು. ಆ ಮೌನವನ್ನು ಅಸಮಾಧಾನ ಎಂದೇ ಓದಿಕೊಂಡೆ. ನೌಕರಿ ಮಾಡುವ ಸೊಸೆಯನ್ನು ಅತ್ತೆ ಒಪ್ಪಿದ್ದಾರೆ ಎಂದು ಅವರ ಬಾಯಿಂದ ಒಂದು ಮಾತು ಕೇಳಬೇಕು ಎಂಬುದು ನನ್ನ ಆಸೆಯಾಗಿತ್ತು. ವರ್ಷಗಟ್ಟಲೆ ಕಾದರೂ ಅದು ಬರಲಿಲ್ಲ.

ಹತ್ತು ವರ್ಷ ಬಸ್ಸಿನಲ್ಲಿ ನೇತಾಡಿದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆವು. ಕೊಂಡೆವು ಅನ್ನುವುದು ಮಾತಿಗೆ. ಗಂಡನಿಗೆ ಸ್ಟೇರಿಂಗ್ ಕಂಡರೆ ಬೆವರು. ನಾನೇ ಕಲಿತೆ, ನಾನೇ ಓಡಿಸಿದೆ. ಜೋರಾಗಿ ಓಡಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ. ಕುಷ್ಟಗಿ ದಾರಿಯಲ್ಲಿ ಸುಗ್ಗಿ ಬಂದರೆ ರೈತರು ಸಜ್ಜೆ ತೆನೆ, ಹುರಳಿ ಗಿಡ ಎಲ್ಲವನ್ನೂ ಡಾಂಬರಿನ ಮೇಲೇ ಹರವುತ್ತಿದ್ದರು. ಓಡಾಡುವ ಗಾಡಿಗಳೇ ಅವರಿಗೆ ಒಕ್ಕಣೆ ಮಾಡಿಕೊಡಬೇಕು. ಅದರಾಚೆ ಕುರಿ ಹಿಂಡು, ಅದರಾಚೆ ಊರಿಗೊಂದು ಬಣ್ಣ ಬಳಿಯದ ರಸ್ತೆಯುಬ್ಬು. ಪ್ರತಿಯೊಂದರ ಮುಂದೂ ನಾನು ಕೊನೆಯ ಗಳಿಗೆಯಲ್ಲಿ ಬ್ರೇಕ್ ತುಳಿಯುವವಳು. ಕೊನೆಗೆ ನಮ್ಮ ಇಳಿಜಾರಿನ ಓಣಿ; ಅಲ್ಲಿ ಮೇಲಿನಿಂದ ಬಾಗಿಲ ತನಕ ಬ್ರೇಕಿನ ಮೇಲೇ ಕಾಲು. ಎಡಗಡೆಯ ಗಾಲಿ ಸರಿಯಾಗಿ ಮನೆಯ ಮೆಟ್ಟಿಲಿಗೆ ತಾಗಿದಂತೆ ನಿಲ್ಲಿಸುವುದು ನನ್ನ ಹೆಮ್ಮೆ.

ನಿಂತ ಕೂಡಲೇ ಅತ್ತೆ ಬರುತ್ತಿದ್ದರು. ಮೊದಲು ಮುಂದಿನ ಎಡಗಡೆಯ ಗಾಲಿಗೆ ನೀರು, ಆಮೇಲೆ ಬಳಸಿ ಹೋಗಿ ಬಲಗಡೆಯ ಗಾಲಿಗೆ. ಚುಂಯ್ ಎಂದು ಒಗ್ಗರಣೆ ಹಾಕಿದಂಥ ಸದ್ದು. ಆ ಸದ್ದು ಕೇಳಿದರೆ ದಿನ ಮುಗಿಯಿತು, ಮನೆ ಮುಟ್ಟಿದೆ ಅನ್ನಿಸುತ್ತಿತ್ತು. ಇಂದಿಗೂ ಒಗ್ಗರಣೆ ಸದ್ದಿಗೆ ನನಗೆ ಆ ಸಂಜೆಗಳೇ ನೆನಪಾಗುತ್ತವೆ.

ಕೆಲವು ತಿಂಗಳಿಗೆ ಕಾರಿಗೆ ಒಂದು ರೋಗ ಬಂತು. ವೇಗದಲ್ಲಿದ್ದಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ನಡುಗುವುದು. ಗಂಗಾವತಿಯಲ್ಲಿ ಬ್ರೇಕಿನ ಕೆಲಸಕ್ಕೆ ಹೆಸರಾದ ಒಬ್ಬ ಮಿಸ್ತ್ರಿ ಇದ್ದರು. ಅಕ್ಕಿ ಗಿರಣಿಗಳ ಲಾರಿಗಳನ್ನೇ ರಿಪೇರಿ ಮಾಡಿ ಮಾಡಿ ಕೂದಲು ಬೆಳ್ಳಗಾದ ಮನುಷ್ಯ. ಭಾನುವಾರ ಬಂಡೆಗುಡ್ಡಗಳ ನಡುವಿನ ದಾರಿ ಹಿಡಿದು ಅವರಲ್ಲಿಗೆ ಹೋದೆ. ಅವರು ಗಾಲಿ ಬಿಚ್ಚಿ, ಒಳಗಿನ ಕಬ್ಬಿಣದ ತಟ್ಟೆಯನ್ನು, ಅಂದರೆ ಪ್ಯಾಡುಗಳು ಎರಡೂ ಕಡೆಯಿಂದ ಹಿಡಿದು ಗಾಡಿ ನಿಲ್ಲಿಸುವ ಡಿಸ್ಕನ್ನು ತಿರುಗಿಸಿ ತೋರಿಸಿದರು.

"ಡಿಸ್ಕ್ ಬಾಗೈತ್ರಿ ಅಕ್ಕೋರ. ಕೂದಲೆಳಿಯಷ್ಟ. ಕಣ್ಣಿಗೆ ಕಾಣಾಂಗಿಲ್ಲ, ಕೈಗೆ ಗೊತ್ತಾಕ್ಕೈತಿ" ಎಂದು ಲೇತಿಗೆ ಕೊಟ್ಟು ನುಣ್ಣಗೆ ಮಾಡಿಸಿದರು. ಹೊರಡುವಾಗ, "ನಿಮ್ಮ ಕಾಲಾಗ ಭಾಳ ಸಿಟ್ಟೈತಿ, ಸ್ವಲ್ಪ ಸಾವಕಾಶ ತುಳೀರಿ" ಎಂದೂ ಸೇರಿಸಿದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡು ತಿಂಗಳಿಗೆ ನಡುಕ ಮತ್ತೆ ಬಂತು. ಹೊಸ ಡಿಸ್ಕ್ ಹಾಕಿಸಿದೆ, ಮತ್ತೆ ಬಂತು. ಅಲ್ಲಿಗೆ ನನಗೆ ಹಟ ಹತ್ತಿತು. ಪಾಠ ಮಾಡುವವಳು ನಾನು, ಬಿಸಿಯಾದರೆ ಲೋಹ ಹೇಗೆ ಹಿಗ್ಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವರ್ಷವಿಡೀ ಕಿರುಚುವವಳು. ಒಂದು ತಟ್ಟೆ ನನ್ನನ್ನು ಸೋಲಿಸುವುದೆಂದರೇನು? ಕಾಲೇಜಿನ ಕಂಪ್ಯೂಟರಿನ ಮುಂದೆ ಕೂತು ಸಿಕ್ಕಿದ್ದನ್ನೆಲ್ಲ ಓದಿದೆ. ಹುಬ್ಬಳ್ಳಿಯಿಂದ ತೂತು ಕೊರೆದ ಸ್ಪೋರ್ಟ್ಸ್ ಡಿಸ್ಕ್ ತರಿಸಿದೆ. ಗಾಳಿಯಾಡಲಿ ಎಂದು ಹಳೆಯ ಮುಚ್ಚುಗಾಲಿ ತೆಗೆಸಿ, ಐದು ಕಡ್ಡಿಯ ಬಯಲು ಬಯಲಾದ ಅಲಾಯ್ ಗಾಲಿ ಹಾಕಿಸಿದೆ. ಕಾರು ನೋಡಲು ಮದುಮಗನಂತಾಯಿತು. ನಡುಕ ಈ ಸಲ ಎರಡು ತಿಂಗಳೂ ಕಾಯಲಿಲ್ಲ, ಇಪ್ಪತ್ತು ದಿನಕ್ಕೇ ಬಂತು. ತೂತುಗಳ ಅಂಚಿನಲ್ಲಿ ಸಣ್ಣ ಬಿರುಕು ಬೇರೆ.

ಆಗಲೇ ಕ್ರಯೋಜೆನಿಕ್ ಟ್ರೀಟ್‌ಮೆಂಟ್ ಎಂಬ ಮಾತು ನನ್ನ ತಲೆ ಹೊಕ್ಕಿದ್ದು. ಡಿಸ್ಕನ್ನು ದ್ರವ ಸಾರಜನಕದ ಚಳಿಯಲ್ಲಿ ನಿಧಾನವಾಗಿ, ಬಹಳ ನಿಧಾನವಾಗಿ ತಣ್ಣಗೆ ಮಾಡಿ, ಇಡೀ ದಿನ ಹಾಗೇ ಇಟ್ಟು, ಅಷ್ಟೇ ನಿಧಾನವಾಗಿ ಮತ್ತೆ ಮೊದಲಿನ ಬಿಸಿಗೆ ತರುವುದು. ಎರಕ ಹೊಯ್ದಾಗ ಕಬ್ಬಿಣದೊಳಗೆ ಉಳಿದ ಬಿಗಿತ ಇದರಿಂದ ಸಡಿಲಾಗುತ್ತದೆ, ಡಿಸ್ಕ್ ಬಾಗುವುದೂ ಸವೆಯುವುದೂ ಕಡಿಮೆಯಾಗುತ್ತದೆ ಎಂದು ಮಾಡುವವರು ಹೇಳುತ್ತಿದ್ದರು. ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ ಕೊರೆಯುವ, ಕತ್ತರಿಸುವ ಹತಾರಗಳಿಗೆ ಈ ಕೆಲಸ ಮಾಡುತ್ತಿದ್ದರು. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಜಿನಿಯರ್ ಆಗಿದ್ದಳು. ಒಂದು ಜೊತೆ ಹೊಸ ಡಿಸ್ಕ್ ಅವಳಿಗೆ ಕಳಿಸಿದೆ. ಎರಡು ವಾರದ ಮೇಲೆ ಗೋಣಿ ತಟ್ಟಿನಲ್ಲಿ ಸುತ್ತಿಕೊಂಡು ತಿರುಗಿ ಬಂದವು. ಹೋಗುವಾಗ ಹೇಗಿದ್ದವೋ ಬರುವಾಗಲೂ ಹಾಗೇ ಇದ್ದವು.

ಮಿಸ್ತ್ರಿ ಅವನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿದರು. "ದನದ ದವಾಖಾನ್ಯಾಗ ಹೊಗಿ ಆಡೂ ಕ್ಯಾನ್ ಇರತೈತಲ್ರಿ, ಹೋರಿ ಬೀಜ ಇಡೂದು, ಅದರಾಗ ಅದ್ದಿ ತಂದ್ರೇನು?"

"ಅದ ನೈಟ್ರೋಜನ್ನು. ಆದ್ರ ಹಂಗ ಅದ್ದೂದಲ್ಲ. ಸಾವಕಾಶ ತಂಪ ಮಾಡ್ತಾರ."

"ಮೊದಲಿನಕಿಂತ ಛಲೋ ಹಿಡಿತಾವೇನ್ರಿ ಬ್ರೇಕು?"

"ಹಿಡಿಯೂದು ಪ್ಯಾಡಿನ ಕೆಲಸ. ಇವು ಬಾಳಿಕಿ ಬರತಾವು, ಬಾಗಂಗಿಲ್ಲ" ಎಂದೆ. ಮಿಸ್ತ್ರಿ ತಲೆಯಾಡಿಸಿ ಹಾಕಿಕೊಟ್ಟರು. ನಂಬಿದ ತಲೆಯಾಟವಲ್ಲ ಅದು.

ಆಶ್ಚರ್ಯವೆಂದರೆ ನಡುಕ ನಿಜವಾಗಿಯೂ ನಿಂತಿತು. ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು, ಸ್ಟೇರಿಂಗ್ ಬೆಣ್ಣೆ. ಸ್ಟಾಫ್ ರೂಮಿನಲ್ಲಿ ಕ್ರಯೋಜೆನಿಕ್ ಬಗ್ಗೆ ನನ್ನ ಭಾಷಣ ಕೇಳಿ ಕನ್ನಡದ ಮೇಷ್ಟ್ರು ಎದ್ದು ಹೊರಗೆ ಹೋಗುತ್ತಿದ್ದರು. ಮೂರನೇ ತಿಂಗಳ ಕೊನೆಗೆ, ಒಂದು ಸಂಜೆ ಕುರಿ ಅಡ್ಡ ಬಂದು ಬ್ರೇಕ್ ಒತ್ತಿದೆ ನೋಡಿ, ಸ್ಟೇರಿಂಗ್ ಗಡಗಡ.

ಮರುದಿನ ರಜೆ ಹಾಕಿ ಗಂಗಾವತಿಗೆ ಹೋದೆ. ಇಳಿಯುತ್ತಲೇ ಮಿಸ್ತ್ರಿಯ ಮೇಲೆ ಹಾರಾಡಿದೆ: ನೀವು ಬೋಲ್ಟ್ ಸರಿಯಾಗಿ ಬಿಗಿದಿಲ್ಲ, ನಿಮಗೆ ಕೆಲಸ ಬರುವುದಿಲ್ಲ, ಬಾಯಿಗೆ ಬಂದದ್ದು. ಅವರು ಸುಮ್ಮನೆ ಗಾಲಿ ಬಿಚ್ಚಿ, ಗಡಿಯಾರದಂಥ ಡಯಲ್ ಗೇಜ್ ಹಚ್ಚಿ ಡಿಸ್ಕ್ ತಿರುಗಿಸಿದರು. ಮುಳ್ಳು ಒಂದೇ ಜಾಗದಲ್ಲಿ ಹಾರುತ್ತಿತ್ತು. ಅಲ್ಲಿ ಅಂಗೈಯಗಲ ನೀಲಿ ಕಲೆ. ಎಡಗಡೆಯದು ಹೆಚ್ಚು, ಬಲಗಡೆಯದು ಕಡಿಮೆ.

"ಪ್ರತಿ ಸಲ ಎಡಗಡೀದ ಜಾಸ್ತಿ ಕೆಡತೈತಿ ಅಕ್ಕೋರ. ಬರೇ ಬ್ರೇಕಿನ ಕಾವಿಗೆ ಆಗಿದ್ರ ಎರಡೂ ಒಂದ ನಮೂನಿ ಕೆಡಬೇಕಿತ್ತು. ಕಾಯ್ದಾಗ ಒಂದ ಕಡಿ ನೀರ ಬಿದ್ದೈತಿ. ಮನಿಗೆ ಬಂದ ಕೂಡ್ಲೆ ಗಾಡಿ ತೊಳಿತೀರೇನು?"

"ಇಲ್ಲ" ಎಂದೆ. ಅಂದ ಮರುಗಳಿಗೆಯೇ ಕಿವಿಯೊಳಗೆ ಚುಂಯ್ ಎಂದಿತು.

ನನ್ನ ನಾಚಿಕೆಯನ್ನು ಏನೆಂದು ಹೇಳಲಿ. ಇಷ್ಟು ದಿನ ಆ ಸದ್ದು ಕೇಳಿ ಖುಷಿಪಟ್ಟ ಭೌತಶಾಸ್ತ್ರದ ಉಪನ್ಯಾಸಕಿ ನಾನು! ಹಳೆಯ ಗಾಲಿಯ ಮುಚ್ಚಳ ಅಷ್ಟಿಷ್ಟು ನೀರು ತಡೆಯುತ್ತಿತ್ತು. ಅದನ್ನು ತೆಗೆಸಿ ಡಿಸ್ಕಿಗೆ ನೇರ ದಾರಿ ಮಾಡಿಕೊಟ್ಟವಳೂ ನಾನೇ. ಇನ್ನು ಕ್ರಯೋಜೆನಿಕ್ ಡಿಸ್ಕ್ ಮೂರು ತಿಂಗಳು ಬಾಳಿದ್ದಕ್ಕೆ ಕಾರಣ? ಲೆಕ್ಕ ಹಾಕಿದೆ: ಆ ಹೊತ್ತಿನಲ್ಲಿ ಅತ್ತೆ ತಮ್ಮನ ಮಗಳ ಬಾಣಂತನಕ್ಕೆಂದು ತಾವರಗೇರಾಕ್ಕೆ ಹೋಗಿ ಎರಡು ತಿಂಗಳು ಕೂತಿದ್ದರು. ಬೆಳಗಾವಿಯ ಚಳಿಯ ಪುಣ್ಯವೋ ಆ ಬಾಣಂತನದ ಪುಣ್ಯವೋ ಇವತ್ತಿಗೂ ನನಗೆ ಗೊತ್ತಿಲ್ಲ. ಯಾರಾದರೂ ಕೇಳಿದರೆ ಇಷ್ಟೇ ಹೇಳುತ್ತೇನೆ: ಹತಾರಗಳಿಗೆ ಅದು ಒಳ್ಳೆಯದು; ರೇಸ್ ಓಡಿಸುವವರಿಗೆ ಇದ್ದರೂ ಇರಬಹುದು; ಕೊಪ್ಪಳ ಕುಷ್ಟಗಿ ನಡುವೆ ಓಡಾಡುವವರಿಗೆ ಸಾದಾ ಡಿಸ್ಕು, ಒಳ್ಳೆಯ ಪ್ಯಾಡು, ಸಮನಾಗಿ ಬಿಗಿದ ಬೋಲ್ಟು, ಸ್ವಲ್ಪ ತಾಳ್ಮೆ ಸಾಕು.

ಆ ತಾಳ್ಮೆಯೇ ನನ್ನಲ್ಲಿರಲಿಲ್ಲ. ನಾಚಿಕೆ ದಾರಿಯುದ್ದಕ್ಕೂ ಕಾದು ಕಾದು ಮನೆ ಮುಟ್ಟುವಾಗ ಸಿಟ್ಟಾಗಿತ್ತು. ಓಣಿಯ ಇಳಿಜಾರು ಇಳಿದು ಬಾಗಿಲ ಮುಂದೆ ಕಾರು ನಿಲ್ಲಿಸಿದೆ. ಅತ್ತೆ ಎಂದಿನಂತೆ ಚರಗಿ ಹಿಡಿದು ಬಂದರು. ನಾನು ಹಾರಿ ಇಳಿದು ಅವರ ಕೈ ಹಿಡಿದೆ.

"ಬ್ಯಾಡ್ರಿ! ಹಾಕಬ್ಯಾಡ್ರಿ! ಇದೇನ ನಿಮ್ಮ ತವರಮನಿ ಎತ್ತೇನ್ರಿ? ಇಷ್ಟ ದಿನ ನನ್ನ ಗಾಡಿ ಕೆಡಿಸಿದಾಕಿ ನೀವ!"

ಎದುರು ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಅತ್ತೆ ನನ್ನ ಮುಖ ನೋಡಿದರು. "ಆತವಾ" ಎಂದರು, ಅಷ್ಟೇ. ಚರಗಿಯ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದು ಒಳಗೆ ಹೋದರು.

ಮರುದಿನ ಸಂಜೆ ಕಟ್ಟೆಯ ಮೇಲೆ ಚರಗಿ ಇರಲಿಲ್ಲ. ಗಾಲಿಗೂ ಇಲ್ಲ, ನನ್ನ ಕಾಲಿಗೂ ಇಲ್ಲ. ಅತ್ತೆ ಮನೆಯಲ್ಲಿದ್ದಾಗ ಒಂದು ದಿನವೂ ತಪ್ಪದ್ದು ತಪ್ಪಿತು. ನಾನು ಧೂಳುಗಾಲಿನಲ್ಲೇ ಒಳಗೆ ಹೋದೆ. ಅತ್ತೆ ಅಡುಗೆ ಮನೆಯಲ್ಲಿ ಇದ್ದರು. ಊಟಕ್ಕೆ ಬಡಿಸಿದರು, ರೊಟ್ಟಿ ಹಾಕಲೇ ಎಂದು ಕೇಳಿದರು, ಬೇರೆ ಮಾತಿಲ್ಲ. ಮೊದಲೂ ಅವರು ಮಾತನಾಡುತ್ತಿರಲಿಲ್ಲ ನಿಜ, ಆದರೆ ಈಗ ಮಾತಿಲ್ಲದ್ದು ಗೊತ್ತಾಗುತ್ತಿತ್ತು. ಅವರ ಬಾಯಿಂದ ಒಂದು ಮಾತು ಬರಲಿ ಎಂದು ಅಷ್ಟು ವರ್ಷ ಕಾದವಳು ನಾನು. ದಿನಾ ಸಂಜೆ ಕಟ್ಟೆಯ ಮೇಲೆ ಇಟ್ಟಿರುತ್ತಿದ್ದದ್ದೇ ಆ ಮಾತಾಗಿತ್ತು ಎಂದು ಅದು ನಿಂತ ಮೇಲೆ ತಿಳಿಯಿತು. ಎರಡನೇ ದಿನ ಬಚ್ಚಲಲ್ಲಿ ಕಾಲು ತೊಳೆಯುತ್ತ ಅತ್ತುಬಿಟ್ಟೆ.

ಸಾದಾ ಡಿಸ್ಕ್ ಹಾಕಿಸಲು ಮತ್ತೆ ಗಂಗಾವತಿಗೆ ಹೋದಾಗ ಮಿಸ್ತ್ರಿಯ ಹತ್ತಿರ ಮೊದಲು ಕ್ಷಮೆ ಕೇಳಿದೆ, ಆಮೇಲೆ ನೀರಿನ ವಿಷಯ ಹೇಳಿದೆ. ಅವರು ನಗಲಿಲ್ಲ.

"ಅಮ್ಮಾರಿಗೆ ಹೆಂಗ ಹೇಳಿದ್ರಿ?"

ನಾನು ಬಿಚ್ಚಿಟ್ಟ ಬೋಲ್ಟುಗಳನ್ನು ಎಣಿಸತೊಡಗಿದೆ. ಅವರಿಗೆ ಅಂದಾಜಾಗಿರಬೇಕು. ಬಾಯಿಗೆ ಬಂದದ್ದು ಅನ್ನಿಸಿಕೊಂಡ ಅನುಭವ ಅವರಿಗೂ ಇತ್ತಲ್ಲ.

"ರೊಟ್ಟಿ ಹಂಚಿನ ಮಾತ ಹೇಳ್ರಿ ಅಕ್ಕೋರ. ಕಾಯ್ದ ಮಣ್ಣಿನ ಹಂಚಿಗೆ ನಮ್ಮವ್ವ, ಒಡಿತೈತಿ ಅಂತ, ಹನಿ ನೀರ ಬೀಳಾಕ ಬಿಡ್ತಿದ್ದಿಲ್ಲ. ಆಕಿಗೇನ ಯಾರರೆ ಪಾಠ ಮಾಡಿದ್ರೇನು?"

ಅವರು ಹೇಳಿದ ಮೇಲೂ ನನ್ನ ಜಂಬ ಇಳಿಯಲು ಮೂರು ವಾರ ಬೇಕಾಯಿತು. ಒಂದು ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಕರಿ ಮಣ್ಣಿನ ಹಂಚು ಕಾದಿತ್ತು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಅತ್ತಿ, ಕಾರಿನ ಗಾಲಿ ಒಳಗ ಇಂಥಾದ್ದ ಒಂದ ಹಂಚ ಐತ್ರಿ. ಗಾಡಿ ನಿಂತಾಗ ಭಾಳ ಕಾಯ್ದಿರತೈತಿ."

ಅವರ ಕೈ ನಿಂತಿತು. ಹಂಚು ನೋಡಿದರು, ನನ್ನನ್ನು ನೋಡಿದರು. "ಯವ್ವಾ, ಹಂಗಾರ ನಾ ದಿನಾ ಕಾಯ್ದ ಹಂಚಿಗೆ ನೀರ ಹೊಯ್ಯಾಕ ಹತ್ತಿದ್ನೇನು?"

"ಹೌದ್ರಿ."

"ಮೊದಲ ಹಂಗ ಹೇಳಬಾರದೇನವಾ? ಇಷ್ಟ ಓದೀದಿ, ಅಷ್ಟ ಒದರಿದಿ, ಹಂಚು ಅನ್ನೂದೊಂದ ಮಾತ ಬರಲಿಲ್ಲ ನಿನಗ?"

ನಾನು ತಪ್ಪಾಯಿತೆಂದೆ. ಅವರು ಹಿಟ್ಟಿನ ಕೈಯಲ್ಲೇ ನನ್ನ ಗದ್ದ ಮುಟ್ಟಿ, "ಹಂಚ ಆರಾಕ ಎಷ್ಟ ಹೊತ್ತ ಹಿಡಿತೈತಿ?" ಎಂದರು.

"ಒಂದ ತಾಸು" ಎಂದೆ.

ಆ ಸಂಜೆ ಕಟ್ಟೆಯ ಮೇಲೆ ಎರಡು ಚರಗಿ ಇದ್ದವು. ಒಂದನ್ನು ನನ್ನ ಕಾಲಿಗೆ ಕೊಟ್ಟರು. ಇನ್ನೊಂದನ್ನು ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತರು, ಕಾರು ಆರುವುದನ್ನು ಕಾಯುತ್ತ. ಅವರು ಕಾಯುವಾಗ ನಾನು ಒಳಗೆ ಹೇಗೆ ಹೋಗಲಿ? ನಾನೂ ಕೂತೆ. ಒಂದು ತಾಸಿನ ಮೇಲೆ ಅವರು ಎದ್ದು ಹೋಗಿ, ಹಂಚಿನ ಕಾವು ನೋಡುವಂತೆ ಕೈಯ ಹಿಂಭಾಗವನ್ನು ಗಾಲಿಯ ಕಡ್ಡಿಗಳ ಹತ್ತಿರ ಹಿಡಿದು ನೋಡಿ, ನೀರು ಹಾಕಿದರು. ಈ ಸಲ ಸದ್ದಾಗಲಿಲ್ಲ.

ಮುಂದೆ ಅದೇ ಪದ್ಧತಿಯಾಯಿತು. ದಿನಾ ಸಂಜೆ ಒಂದು ತಾಸು ಅತ್ತೆ ಮತ್ತು ನಾನು ಕಟ್ಟೆಯ ಮೇಲೆ. ಕೂತ ಮೇಲೆ ಮಾತು ಬರದೆ ಇರುತ್ತದೆಯೇ? ಮೊದಲ ದಿನ ಕರಿಬೇವಿನ ಗಿಡದ ಮಾತು, ಆಮೇಲೆ ಓಣಿಯವರ ಮಾತು, ಆಮೇಲೆ ಅವರು ಸೊಸೆಯಾಗಿ ಬಂದಾಗಿನ ಮಾತು. ಅವರ ಅತ್ತೆಯೂ ಹೀಗೇ ತುಟಿ ಹೊಲಿದುಕೊಂಡ ಹೆಂಗಸಾಗಿದ್ದರಂತೆ. ಒಂದು ಸಂಜೆ, ನಾನು ಕೇಳದೆಯೇ, "ನೀ ಬಸ್ಸಿಗೆ ಹೋಗೂವಾಗ ಆ ಬಸ್ಸಿಗೂ ಒಂದ ಚರಗಿ ನೀರ ಹಾಕಬೇಕನಸ್ತಿತ್ತು. ಅದು ನಮ್ಮ ಓಣ್ಯಾಗ ಬರತಿದ್ದಿಲ್ಲ, ಏನ ಮಾಡ್ಲಿ" ಎಂದರು. ನಾನು ನಕ್ಕೆ, ಆಮೇಲೆ ನಗಲಾಗಲಿಲ್ಲ. ನಿಜ ಹೇಳಬೇಕೆಂದರೆ ಡಿಸ್ಕ್ ಆರಲು ಅರ್ಧ ತಾಸೂ ಬೇಡ. ತಪ್ಪು ಲೆಕ್ಕ ಕೊಟ್ಟಿದ್ದೇನೆ ಎಂದು ನನಗೆ ಬೇಗನೇ ಗೊತ್ತಾಯಿತು, ಆದರೆ ತಿದ್ದಲು ಹೋಗಲಿಲ್ಲ. ಬೆಳಗಾವಿಯಿಂದ ಬಂದ ಆ ಡಿಸ್ಕುಗಳಲ್ಲಿ ಒಂದನ್ನು ಅತ್ತೆ ಕಟ್ಟೆಯ ಮೂಲೆಯಲ್ಲಿಟ್ಟು ಅದರ ಮೇಲೆ ನೀರಿನ ಕೊಡ ಕೂರಿಸಿದರು. ಕೊಡಕ್ಕೆ ಅದು ಹೇಳಿ ಮಾಡಿಸಿದ ಹಾಗಿತ್ತು.

ಅತ್ತೆ ಈಗಿಲ್ಲ. ಕಾರೂ ಬದಲಾಯಿತು, ಡಿಸ್ಕುಗಳು ಸಾದಾ ಇವೆ, ನಡುಕವಿಲ್ಲ. ಕಾಲೇಜಿನಿಂದ ಬಂದ ಮೇಲೆ ನಾನೊಬ್ಬಳೇ ಕಟ್ಟೆಯ ಮೇಲೆ ಒಂದು ತಾಸು ಕೂತು, ಆಮೇಲೆ ಗಾಲಿಗೆ ನೀರು ಹಾಕಿ ಒಳಗೆ ಹೋಗುತ್ತೇನೆ. ಆಗೆಲ್ಲ ನೆನಪಾಗುವುದು ಒಂದು ಮಧ್ಯಾಹ್ನ.

ಅವರ ಕೊನೆಯ ವರ್ಷಗಳಲ್ಲಿ ತವರು ನೋಡಬೇಕೆಂದು ಹಂಬಲಿಸಿದರು. ಸಾವಕಾಶ ಓಡಿಸಿಕೊಂಡು ತಾವರಗೇರಾಕ್ಕೆ ಕರೆದುಕೊಂಡು ಹೋದೆ. ಕಾರು ನಿಂತಿತು. ಅವರ ತಮ್ಮನ ಹೆಂಡತಿ, ಆ ಮನೆಯ ಪದ್ಧತಿಯಂತೆ, ತುಂಬಿದ ಚರಗಿ ಹಿಡಿದು ನೇರ ಗಾಲಿಯ ಕಡೆಗೆ ಬಂದಳು. ಹಿಂದಿನ ಸೀಟಿನಿಂದ ಇಳಿಯಲು ಇನ್ನೂ ಒದ್ದಾಡುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು:

"ಏ, ತಡೀ! ಅದರಾಗ ಹಂಚ ಕಾಯ್ದಿರತೈತಿ, ಒಂದ ತಾಸ ತಡೀಬೇಕು."

ಚರಗಿ ಹಿಡಿದವಳು ಏನೂ ತಿಳಿಯದೆ ನಿಂತಳು. ಅಂಗಳದಲ್ಲಿ ಹತ್ತು ಜನ ನೆರೆದಿದ್ದರು. ಅತ್ತೆ ನನ್ನ ತೋಳು ಹಿಡಿದು ಇಳಿದು, ಸೆರಗು ಸರಿಮಾಡಿಕೊಂಡರು.

"ಗಾಡಿಗೆ ಆಮ್ಯಾಲೆ ಹಾಕೂಣು. ಆ ನೀರ ಮೊದಲ ನನ್ನ ಸೊಸಿ ಕಾಲಿಗೆ ಕೊಡು. ಅಷ್ಟ ದೂರದಿಂದ ನನ್ನ ಹೊತ್ಕೊಂಡ ಬಂದಾಕಿ ಆಕಿ."

ಚರಗಿ ನನ್ನ ಕೈಗೆ ಬಂತು. ಕಾಲಿಗೆ ಹಾಕಿಕೊಳ್ಳುವುದನ್ನು ಮರೆತು ಅದನ್ನು ಹಿಡಿದುಕೊಂಡೇ ನಿಂತೆ.